17ಕ್ಕೇ ಭಾರತದ ಜೆರ್ಸಿ ಸಿಕ್ಕಿತು, ಮುಂದೆ ಯಾವ ದಾರಿ? ಬೆಂಗಳೂರಿನ ಫುಟ್‌ಬಾಲ್ ಮನೆಗಳಿಗೆ ಒಂದು ಹೋಲಿಕೆ

ನಿಮ್ಮ ಮಗ 17ರ ಒಳಗಿನವರ ಭಾರತ ತಂಡದಲ್ಲಿ ಆಡಿ ಬಂದಿದ್ದಾನೆ ಅಂದುಕೊಳ್ಳಿ. ಗೌತಮಪುರದ ಬೀದಿಯಲ್ಲಿ ಫ್ಲೆಕ್ಸ್ ಕಟ್ಟಿದ್ದಾರೆ, ಸ್ಕೂಲಿನಲ್ಲಿ ಶಾಲು ಹೊದಿಸಿದ್ದಾರೆ. ಫೋನ್ ಸುಮ್ಮನಿರುತ್ತಿಲ್ಲ. ಒಬ್ಬರು ದೇಶದ ಮೊದಲ ದರ್ಜೆಯ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕ್ಲಬ್ಬಿನ ಹೆಸರು ಹೇಳುತ್ತಾರೆ. ಇನ್ನೊಬ್ಬರು ಪೋರ್ಚುಗಲ್‌ಗೆ ಕಳಿಸಿ ಅನ್ನುತ್ತಾರೆ. ಮನೆಯಲ್ಲಿ ಅವನ ಸೋದರಮಾವ, ಮೊದಲು ಪಿಯುಸಿ ಮುಗಿಸಲಿ ಎಂದು ಪಟ್ಟು ಹಿಡಿದಿದ್ದಾರೆ. ಹುಡುಗನಿಗೋ ಎಲ್ಲದಕ್ಕೂ ಹೂಂ ಅನ್ನುವ ವಯಸ್ಸು.

ಅಂಥ ಮನೆಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. 18ರಿಂದ 21ರ ನಡುವೆ ಹುಡುಗ ದೊಡ್ಡವರ ಜೊತೆ ಎಷ್ಟು ಪಂದ್ಯ ಆಡುತ್ತಾನೆ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಕ್ಲಬ್ಬಿನ ಹೆಸರು, ಸಂಬಳ, ಊರು ಎಲ್ಲ ಆಮೇಲೆ. ಮುಂದಿರುವ ಪ್ರತಿ ದಾರಿಯನ್ನೂ ಇದೇ ಅಳತೆಯಿಂದ ನೋಡುತ್ತೇನೆ.

ಚಿಕ್ಕ ವಯಸ್ಸಿನ ಹೆಸರು ಎಷ್ಟು ದೂರ ಬರುತ್ತದೆ

2007ರಲ್ಲಿ 17ರ ಒಳಗಿನವರ ವಿಶ್ವಕಪ್ ದಕ್ಷಿಣ ಕೊರಿಯಾದಲ್ಲಿ ನಡೆಯಿತು. ಟೂರ್ನಿಯ ಶ್ರೇಷ್ಠ ಆಟಗಾರ ಅನ್ನಿಸಿಕೊಂಡು ಚಿನ್ನದ ಚೆಂಡು ಗೆದ್ದವರು ಜರ್ಮನಿಯ ಟೋನಿ ಕ್ರೂಸ್. 7 ಗೋಲು ಹೊಡೆದು ಚಿನ್ನದ ಬೂಟು ಗೆದ್ದವರು ನೈಜೀರಿಯಾದ ಮೆಕಾಲೆ ಕ್ರಿಸಾಂಟಸ್. ಕಪ್ ಕೂಡ ನೈಜೀರಿಯಾ ಪಾಲಾಯಿತು. ಆಮೇಲೆ ಇಬ್ಬರೂ ಜರ್ಮನಿಯ ದೊಡ್ಡ ಕ್ಲಬ್ಬುಗಳಲ್ಲೇ ಇದ್ದರು. ಕ್ರೂಸ್ ಬಯರ್ನ್ ಮ್ಯೂನಿಕ್‌ನಲ್ಲಿ, ಕ್ರಿಸಾಂಟಸ್ ಹ್ಯಾಂಬರ್ಗ್‌ನಲ್ಲಿ. ಇಬ್ಬರಿಗೂ ಅಲ್ಲಿ ಜಾಗ ಸಿಗಲಿಲ್ಲ, ಇಬ್ಬರನ್ನೂ ಲೋನ್ ಮೇಲೆ, ಅಂದರೆ ಕಾಂಟ್ರ್ಯಾಕ್ಟ್ ಉಳಿಸಿಕೊಂಡೇ ಸ್ವಲ್ಪ ಕಾಲಕ್ಕೆ, ಬೇರೆ ಕ್ಲಬ್ಬಿಗೆ ಕಳಿಸಿದರು.

ದಾರಿ ಬೇರೆಯಾದದ್ದು ಇಲ್ಲಿಂದ. ಕ್ರೂಸ್ 2009ರ ಜನವರಿಯಲ್ಲಿ ಬಯರ್ ಲೆವರ್ಕೂಸನ್‌ಗೆ ಹೋದರು. ಅದೂ ಮೊದಲ ದರ್ಜೆಯ ಕ್ಲಬ್ಬೇ, ಮಿಡ್‌ಫೀಲ್ಡ್‌ನಲ್ಲಿ ಅವರು ಬೇಕೆಂದೇ ಕರೆಸಿಕೊಂಡಿತ್ತು. ಒಂದೂವರೆ ಸೀಸನ್ ಬಿಡದೆ ಆಡಿ ವಾಪಸ್ ಬಂದರು. 2014ರಲ್ಲಿ ವಿಶ್ವಕಪ್ ಗೆದ್ದರು. ಕ್ರಿಸಾಂಟಸ್ ಎರಡನೇ ದರ್ಜೆಯ ಕ್ಲಬ್ಬುಗಳಿಗೆ ಹೋದರು. ಹ್ಯಾಂಬರ್ಗ್‌ನ ಮೊದಲ ತಂಡದಲ್ಲಿ ನೆಲೆ ಸಿಗದೆ ಮುಂದೆ ಸ್ಪೇನ್, ಟರ್ಕಿ, ಗ್ರೀಸ್ ಎಂದು ಅಲೆದರು. ಲೋನ್ ಒಳ್ಳೆಯದಾ ಕೆಟ್ಟದ್ದಾ ಎಂದು ಸುಮ್ನೆ ಕೇಳಿದರೆ ಉತ್ತರ ಸಿಗುವುದಿಲ್ಲ. ಆ ಕ್ಲಬ್ಬಿನ ಕೋಚ್‌ಗೆ ಈ ಹುಡುಗ ಯಾವ ಜಾಗದಲ್ಲಿ ಬೇಕು, ಈಗ ಅಲ್ಲಿ ಯಾರಿದ್ದಾರೆ ಎಂದು ಕೇಳಬೇಕು.

ಇನ್ನೊಂದು ಜೋಡಿಯನ್ನು ನಮ್ಮ ದೇಶದಲ್ಲೇ ನೋಡಿದೆವು. 2017ರ ಅಕ್ಟೋಬರ್ 28ರಂದು ಕೋಲ್ಕತ್ತದಲ್ಲಿ ಇಂಗ್ಲೆಂಡ್ ಸ್ಪೇನ್ ಮೇಲೆ 5-2ರಲ್ಲಿ ಗೆದ್ದು ಕಪ್ ಎತ್ತಿತು. ಚಿನ್ನದ ಚೆಂಡು ಫಿಲ್ ಫೋಡೆನ್‌ಗೆ ಬಂತು. ಅದೇ ತಂಡದ ಜೇಡನ್ ಸಾಂಚೊ ಆ ಹೊತ್ತಿಗಾಗಲೇ ಮ್ಯಾಂಚೆಸ್ಟರ್ ಸಿಟಿ ಬಿಟ್ಟು ಡಾರ್ಟ್‌ಮಂಡ್ ಸೇರಿದ್ದರು, ನನಗೆ ಪಂದ್ಯ ಬೇಕು ಎಂದು. ಮರುವರ್ಷವೇ ಇಂಗ್ಲೆಂಡಿನ ಹಿರಿಯರ ತಂಡಕ್ಕೆ ಬಂದರು. ಫೋಡೆನ್ ಸಿಟಿಯಲ್ಲೇ ಉಳಿದು ಎರಡು ಮೂರು ವರ್ಷ ಹೆಚ್ಚಾಗಿ ಬೆಂಚಿನಿಂದಲೇ ಇಳಿಯುತ್ತಿದ್ದರು. 2020ರಲ್ಲಿ ಹಿರಿಯ ಮಿಡ್‌ಫೀಲ್ಡರ್ ಡೇವಿಡ್ ಸಿಲ್ವಾ ಕ್ಲಬ್ ಬಿಟ್ಟ ಮೇಲೆ ಜಾಗ ಗಟ್ಟಿಯಾಯಿತು. ಎರಡೂ ದಾರಿ ಫಲಿಸಿದವು ಅನ್ನಿ. ಆದರೆ ಫೋಡೆನ್ ದಾರಿಯನ್ನು ಎಲ್ಲರೂ ಅನುಸರಿಸಲಾಗದು. ಅಷ್ಟು ಕಾಯಿಸುವ ಕ್ಲಬ್ ದಿನಾ ಜಗತ್ತಿನ ಅತ್ಯುತ್ತಮ ಆಟಗಾರರ ಎದುರು ತರಬೇತಿಯನ್ನೂ ಕೊಡಬೇಕು.

ಮಾರ್ಟಿನ್ ಒಡೆಗಾರ್ಡ್ ಕಥೆ ನನಗೆ ಇವರೆಲ್ಲರಿಗಿಂತ ಇಷ್ಟ. 2014ರಲ್ಲಿ 15ನೇ ವಯಸ್ಸಿಗೇ ನಾರ್ವೆಯ ಹಿರಿಯರ ತಂಡದಲ್ಲಿ ಆಡಿದರು. 2015ರ ಜನವರಿಯಲ್ಲಿ ರಿಯಲ್ ಮ್ಯಾಡ್ರಿಡ್ ಕರೆದುಕೊಂಡಿತು. ಅಲ್ಲಿ ಎರಡನೇ ತಂಡದಲ್ಲೇ ದಿನ ಕಳೆಯಿತು, ಪತ್ರಿಕೆಗಳು ಹುಡುಗನ ಕಥೆ ಮುಗಿಯಿತು ಅನ್ನುವ ಧಾಟಿಯಲ್ಲಿ ಬರೆದವು. ಆಮೇಲೆ ನೆದರ್ಲೆಂಡ್ಸ್‌ನ ಹೀರೆನ್‌ವೀನ್, ಅಲ್ಲಿಂದ ವಿಟೆಸ್, ಅಲ್ಲಿಂದ ಸ್ಪೇನ್‌ನ ರಿಯಲ್ ಸೊಸಿಯೆದಾದ್. ಒಂದೊಂದು ಕ್ಲಬ್ಬೂ ಹಿಂದಿನದಕ್ಕಿಂತ ಸ್ವಲ್ಪ ಕಠಿಣ, ಎಲ್ಲ ಕಡೆಯೂ ಆಟ ಸಿಕ್ಕಿತು. 2021ರಲ್ಲಿ ಆರ್ಸೆನಲ್‌ಗೆ ಬಂದರು, 2022ರಲ್ಲಿ ನಾಯಕರಾದರು. ಅವರಿಗಿಂತ ಹತ್ತು ವರ್ಷ ಮೊದಲು ಅಮೆರಿಕದ ಫ್ರೆಡಿ ಅಡು 14ಕ್ಕೇ ವೃತ್ತಿಪರ ಲೀಗಿಗೆ ಇಳಿದಿದ್ದರು. ಎಲ್ಲರೂ ಮುಂದಿನ ಪೆಲೆ ಅಂದರು. 2007ರಲ್ಲಿ ಬೆನ್ಫಿಕಾ ಸೇರಿದ ಮೇಲೆ ಮೊನಾಕೊ, ಬೆಲೆನೆನ್ಸಿಸ್, ಗ್ರೀಸ್, ಟರ್ಕಿ ಎಂದು ಒಂದರ ಹಿಂದೆ ಒಂದು ಲೋನ್, ಎಲ್ಲೂ ಬೇರು ಬಿಡಲಿಲ್ಲ. ಪ್ರತಿಭೆ ಇಬ್ಬರಲ್ಲೂ ಇತ್ತು. ಒಡೆಗಾರ್ಡ್ ಹೋದಲ್ಲೆಲ್ಲ ಆಡುವ ಜಾಗ ಕಾದಿತ್ತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. 15-16ರಲ್ಲಿ ಮಿಂಚುವ ಎಷ್ಟೋ ಹುಡುಗರು ಬೇಗ ಬೆಳೆದ ಹುಡುಗರು. ಉದ್ದ ಇರುತ್ತಾರೆ, ಕಾಲಲ್ಲಿ ಬಲ ಇರುತ್ತದೆ, ಎದುರಾಳಿ ಇನ್ನೂ ಮೀಸೆ ಬಾರದವನು. 19ಕ್ಕೆ ಎಲ್ಲರೂ ಒಂದೇ ಮಟ್ಟಕ್ಕೆ ಬಂದುಬಿಡುತ್ತಾರೆ. ಆಗ ಓಟದಿಂದಲೇ ಗೆಲ್ಲುತ್ತಿದ್ದವನಿಗೆ ಕಷ್ಟ, ಚಿಕ್ಕವನಾಗಿದ್ದರಿಂದ ತಲೆ ಓಡಿಸಿ ಆಡಲು ಕಲಿತವನಿಗೆ ಅನುಕೂಲ. ನಿಮ್ಮ ಮಗ ಮೊದಲನೇ ಗುಂಪಿನವನಾದರೆ, ಬಲದಿಂದ ಗೆಲ್ಲಲಾಗದ ಕಡೆಗೆ ಅವನನ್ನು ಬೇಗ ಕಳಿಸಿ.

2017ರ ನಮ್ಮ ಹುಡುಗರು ಏನಾದರು

ಬೇರೆ ದೇಶದ ಕಥೆ ಎಷ್ಟಾದರೂ ದೂರದ್ದು. ಫಿಫಾ ವಿಶ್ವಕಪ್ ಆಡಿದ ನಮ್ಮ ಮೊದಲ ತಂಡವೇ ಎದುರಿಗಿದೆ ಅಲ್ವಾ, ಅದನ್ನು ನೋಡೋಣ. ಅಮೆರಿಕ, ಕೊಲಂಬಿಯಾ, ಘಾನಾ ಮೂವರ ಎದುರೂ ಸೋತೆವು. ಆದರೂ ಕೊಲಂಬಿಯಾ ವಿರುದ್ಧ ದೆಹಲಿಯಲ್ಲಿ ಬಿದ್ದ ಆ ಒಂದು ಗೋಲನ್ನು ಯಾರೂ ಮರೆತಿಲ್ಲ. ಕಾರ್ನರ್ ಹೊಡೆದವರು ಬೆಂಗಳೂರಿನಲ್ಲಿ ಹುಟ್ಟಿದ ಸಂಜೀವ್ ಸ್ಟಾಲಿನ್, ತಲೆ ಕೊಟ್ಟವರು ಮಣಿಪುರದ ಜೀಕ್ಸನ್ ಸಿಂಗ್.

ವಿಶ್ವಕಪ್ ಮುಗಿದ ಮೇಲೆ ಭಾರತೀಯ ಫುಟ್‌ಬಾಲ್ ಫೆಡರೇಷನ್ ಈ ಹುಡುಗರಲ್ಲಿ ಬಹಳ ಮಂದಿಯನ್ನು ಇಂಡಿಯನ್ ಆರೋಸ್ ಎಂಬ ತಂಡ ಮಾಡಿ, ದೇಶದ ಇನ್ನೊಂದು ವೃತ್ತಿಪರ ಲೀಗ್ ಆಗಿದ್ದ ಐ-ಲೀಗ್‌ನಲ್ಲಿ ಆಡಿಸಿತು. ಸೋಲು ಜಾಸ್ತಿ ಇತ್ತು. ಆದರೆ 17-18ರ ಹುಡುಗರಿಗೆ ಇಡೀ ಸೀಸನ್ ದೊಡ್ಡವರ ಎದುರು ಪಂದ್ಯ ಸಿಕ್ಕಿತು. ಆ ಗುಂಪಿನಿಂದಲೇ ಮಿಜೋರಾಂನ ಅಪುಯಾ ನಾರ್ತ್‌ಈಸ್ಟ್ ಯುನೈಟೆಡ್ ಸೇರಿ ಚಿಕ್ಕ ವಯಸ್ಸಿನಲ್ಲೇ ನಾಯಕನ ಪಟ್ಟಿ ಕಟ್ಟಿಕೊಂಡರು, ಮುಂದೆ ಮುಂಬೈ ಸಿಟಿಗೆ, ಅಲ್ಲಿಂದ ಮೋಹನ್ ಬಗಾನ್‌ಗೆ ಹೋದರು. ಸುರೇಶ್ ಸಿಂಗ್ ವಾಂಗ್‌ಜಮ್ 2019ರಲ್ಲಿ ನಮ್ಮ ಬೆಂಗಳೂರು ಎಫ್‌ಸಿಗೆ ಬಂದರು. ಕಂಠೀರವದಲ್ಲಿ ಅವರ ಆಟ ನೋಡಿದವರಿಗೆ ಗೊತ್ತು, 90 ನಿಮಿಷ ಓಡುವ ಆ ಮಿಡ್‌ಫೀಲ್ಡರ್ ಒಂದೇ ದಿನದಲ್ಲಿ ತಯಾರಾದವರಲ್ಲ. ಜೀಕ್ಸನ್ ಕೇರಳ ಬ್ಲಾಸ್ಟರ್ಸ್‌ನಲ್ಲಿ ವರ್ಷಗಟ್ಟಲೆ ಒಂದೇ ಕಡೆ ಇದ್ದು ಬೆಳೆದು ಹಿರಿಯರ ಭಾರತ ತಂಡಕ್ಕೆ ಬಂದರು.

ಗೋಲ್‌ಕೀಪರ್ ಧೀರಜ್ ಸಿಂಗ್ ಕಥೆಯಲ್ಲಿ ಏರಿಳಿತ ಜಾಸ್ತಿ. ವಿಶ್ವಕಪ್ ಆದ ಮೇಲೆ ಸ್ಕಾಟ್ಲೆಂಡ್‌ನ ಮದರ್‌ವೆಲ್ ಕ್ಲಬ್ಬಿಗೆ ಟ್ರಯಲ್ಸ್‌ಗೆ ಹೋದರು, ಅದು ಕೈಗೂಡಲಿಲ್ಲ. ಕೇರಳ ಬ್ಲಾಸ್ಟರ್ಸ್, ಆಮೇಲೆ ಕೋಲ್ಕತ್ತದ ಎಟಿಕೆ. ಅಲ್ಲಿ ಬೆಂಚೇ ಗತಿ. 2021ರಲ್ಲಿ ಎಫ್‌ಸಿ ಗೋವಾಕ್ಕೆ ಹೋದ ಕೆಲವೇ ತಿಂಗಳಲ್ಲಿ ಎಎಫ್‌ಸಿ ಚಾಂಪಿಯನ್ಸ್ ಲೀಗ್‌ನಲ್ಲಿ ಏಷ್ಯಾದ ದೊಡ್ಡ ಕ್ಲಬ್ಬುಗಳ ಎದುರು ನಿಂತು ಹೆಸರು ಮಾಡಿದರು. ಕ್ಲಬ್ ಬದಲಿಸುವ ಧೈರ್ಯ ಮಾಡದಿದ್ದರೆ ಆ ರಾತ್ರಿಗಳು ಅವರ ಪಾಲಿಗೆ ಬರುತ್ತಿರಲಿಲ್ಲ.

ಅದೇ ತಂಡದ ಡಿಫೆಂಡರ್ ಅನ್ವರ್ ಅಲಿಗೆ 2019ರಲ್ಲಿ ಹೃದಯದ ಸ್ನಾಯು ದಪ್ಪವಾಗುವ ತೊಂದರೆ ಇರುವುದು ಗೊತ್ತಾಯಿತು. ಫೆಡರೇಷನ್ ಆಟ ನಿಲ್ಲಿಸು ಎಂದಿತು. ವಿಷಯ ದೆಹಲಿ ಹೈಕೋರ್ಟ್‌ವರೆಗೆ ಹೋಯಿತು. ಡೆಲ್ಲಿ ಎಫ್‌ಸಿಯಂಥ ಚಿಕ್ಕ ಕ್ಲಬ್ಬಿನಿಂದ ಮತ್ತೆ ಶುರು ಮಾಡಿ, 2022ರಲ್ಲಿ ಭಾರತಕ್ಕೆ ಆಡಿದರು. ನಿಮ್ಮ ಮಗನಿಗೆ ಇಸಿಜಿ, ಎಕೋ ಎರಡನ್ನೂ ಮಾಡಿಸಿ, ಯಾವ ಕ್ಲಬ್ ಸೇರುವ ಮೊದಲೂ. ಬೆಂಗಳೂರಿನಲ್ಲಿ ಜಯದೇವದಂಥ ಆಸ್ಪತ್ರೆ ಇರುವಾಗ ಇದಕ್ಕೆ ನೆಪ ಬೇಡ.

ಇಂಡಿಯನ್ ಆರೋಸ್ 2022ರಲ್ಲಿ ಮುಚ್ಚಿತು. ಅಂದರೆ ಈಗ 17ರ ಹುಡುಗನಿಗೆ ತಾನಾಗಿ ಸಿಗುವ ಪಂದ್ಯಗಳಿಲ್ಲ, ನೀವೇ ಹುಡುಕಬೇಕು.

ಐಎಸ್‌ಎಲ್ ಕ್ಲಬ್: ಯಾರಿಗೆ ಸರಿ, ಯಾರಿಗೆ ಅಲ್ಲ

ಐಎಸ್‌ಎಲ್ ಕ್ಲಬ್ಬಿನಲ್ಲಿ ಒಳ್ಳೆಯ ಊಟ, ಫಿಸಿಯೋ, ಜಿಮ್, ಹಾಸ್ಟೆಲ್ ಎಲ್ಲ ಸಿಗುತ್ತದೆ. ಕೋಚಿಂಗ್ ಗುಣಮಟ್ಟವೂ ಚೆನ್ನಾಗಿರುತ್ತದೆ. ಇದನ್ನೆಲ್ಲ ನಾನು ಹಗುರ ಮಾಡುವುದಿಲ್ಲ. ಬಡ ಮನೆಯ ಹುಡುಗನಿಗೆ ಎರಡು ವರ್ಷ ಹೊಟ್ಟೆ ತುಂಬ ಸರಿಯಾದ ಆಹಾರ ಸಿಕ್ಕರೆ ಅದೇ ದೊಡ್ಡ ಲಾಭ.

ಆದರೆ ಮೊದಲ ತಂಡದಲ್ಲಿ ಆಟ? ಒಂದು ಪಂದ್ಯದಲ್ಲಿ ಒಮ್ಮೆಗೆ 4 ವಿದೇಶಿ ಆಟಗಾರರು ಇಳಿಯಬಹುದು. ಆ ನಾಲ್ವರನ್ನು ಕ್ಲಬ್ಬುಗಳು ಸಾಮಾನ್ಯವಾಗಿ ಎಲ್ಲಿ ಹಾಕುತ್ತವೆ ಎಂದು ಗಮನಿಸಿ: ಗೋಲು ಹೊಡೆಯುವ ಫಾರ್ವರ್ಡ್, ಅವನ ಹಿಂದೆ ಆಟ ಕಟ್ಟುವವನು, ರಕ್ಷಣೆಯ ನಡುವೆ ನಿಲ್ಲುವ ಸ್ಟಾಪರ್. ನಿಮ್ಮ ಮಗ ಸೆಂಟರ್ ಫಾರ್ವರ್ಡ್ ಆದರೆ ಅವನ ಪೈಪೋಟಿ ಬ್ರೆಜಿಲ್‌ನಿಂದಲೋ ಸ್ಪೇನ್‌ನಿಂದಲೋ ಬಂದ 30 ವರ್ಷದ ಅನುಭವಿಯ ಜೊತೆ. ಅಂಚಿನಲ್ಲಿ ಆಡುವ ವಿಂಗರ್, ಫುಲ್‌ಬ್ಯಾಕ್, ಹಿಂದೆ ನಿಂತು ಚೆಂಡು ಕಿತ್ತುಕೊಳ್ಳುವ ಮಿಡ್‌ಫೀಲ್ಡರ್ ಆದರೆ ದಾರಿ ಸಲೀಸು, ಅಲ್ಲಿ ಹೆಚ್ಚಾಗಿ ಭಾರತೀಯರೇ ಆಡುತ್ತಾರೆ. ಗೋಲ್‌ಕೀಪರ್ ಜಾಗವೂ ನಮ್ಮವರದೇ, ಆದರೆ ಅದು ಒಂದೇ ಜಾಗ. ಒಬ್ಬ ನೆಲೆ ಊರಿದರೆ ಹತ್ತು ವರ್ಷ ಅಲ್ಲಾಡುವುದಿಲ್ಲ. ಬೆಂಗಳೂರು ಎಫ್‌ಸಿಗೆ ಗುರ್‌ಪ್ರೀತ್ ಸಿಂಗ್ ಸಂಧು ಬಂದದ್ದು 2017ರಲ್ಲಿ. ಅಂದಿನಿಂದ ಅಲ್ಲಿ ಎರಡನೇ ಕೀಪರ್ ಆಗಿದ್ದವರಿಗೆ ಎಷ್ಟು ಪಂದ್ಯ ಸಿಕ್ಕಿರಬಹುದು, ಯೋಚಿಸಿ.

ಹಾಗೆಂದು ಮನೆ ಬಾಗಿಲಲ್ಲಿರುವ ಕ್ಲಬ್ಬನ್ನು ಬಿಡಿ ಅನ್ನುತ್ತಿಲ್ಲ. ಬೆಂಗಳೂರು ಎಫ್‌ಸಿಯ ಎರಡನೇ ತಂಡ ಸುಮ್ನೆ ಹೆಸರಿಗಿಲ್ಲ. ಬೆಂಗಳೂರಿನ ಸ್ಥಳೀಯ ಲೀಗ್ ಆದ ನಮ್ಮ ಸೂಪರ್ ಡಿವಿಷನ್‌ನಲ್ಲಿ ಆಡುತ್ತದೆ, 2022ರಲ್ಲಿ ರಿಲಯನ್ಸ್ ಫೌಂಡೇಷನ್ ಡೆವಲಪ್‌ಮೆಂಟ್ ಲೀಗ್‌ನ ಮೊದಲ ಆವೃತ್ತಿ ಗೆದ್ದು ಇಂಗ್ಲೆಂಡ್‌ಗೆ ಆಡಲು ಹೋಗಿ ಬಂದಿದೆ. 2024ರ ಸೆಪ್ಟೆಂಬರ್‌ನಲ್ಲಿ ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಗೆಲುವಿನ ಗೋಲು ಹೊಡೆದ ವಿನೀತ್ ವೆಂಕಟೇಶ್ ಆ ದಾರಿಯಲ್ಲೇ ಬಂದವರು. ಎರಡನೇ ತಂಡಕ್ಕೆ ಸೇರಿಸುವಾಗ ಒಂದು ಪ್ರಶ್ನೆ ಕೇಳಿ: ಹೋದ ಮೂರು ವರ್ಷದಲ್ಲಿ ಇಲ್ಲಿಂದ ಮೊದಲ ತಂಡಕ್ಕೆ ಹೋಗಿ ಲೀಗ್ ಪಂದ್ಯ ಆಡಿದವರು ಯಾರು ಯಾರು? ಹೆಸರು ಹೇಳಲಿ. ಹೆಸರು ತಕ್ಷಣ ಬಂದರೆ ಒಳ್ಳೆಯ ಲಕ್ಷಣ.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಲೀಗ್ ನಡೆಸುವ ಒಪ್ಪಂದ ಮುಂದುವರಿಯದೆ 2025ರಲ್ಲಿ ಐಎಸ್‌ಎಲ್ ಸಮಯಕ್ಕೆ ಶುರುವಾಗಲೇ ಇಲ್ಲ. ಕೆಲವು ಕ್ಲಬ್ಬುಗಳು ಸಂಬಳ ತಡೆಹಿಡಿದವು. 19ರ ಹುಡುಗನಿಗೆ ಸಂಬಳಕ್ಕಿಂತ ದೊಡ್ಡ ನಷ್ಟ ಆಟವಿಲ್ಲದ ಆ ತಿಂಗಳುಗಳು. ಹಾಗಾಗಿ ದೊಡ್ಡ ಕ್ಲಬ್ ಅಂದರೆ ಭದ್ರ ಅನ್ನುವ ಲೆಕ್ಕ ಬೇಡ.

ಕೆಳಗಿನ ಲೀಗ್, ಸೂಪರ್ ಡಿವಿಷನ್

ಇದು ನನಗೆ ಹತ್ತಿರವಾದ ದಾರಿ, ಅದನ್ನು ಮುಚ್ಚಿಡುವುದಿಲ್ಲ. ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ ಒಂದು ಮಧ್ಯಾಹ್ನ ಹೋಗಿ ಕೂತು ಸೂಪರ್ ಡಿವಿಷನ್ ಪಂದ್ಯ ನೋಡಿ. ಎಂಇಜಿ, ಎಎಸ್‌ಸಿಯಂಥ ಸೈನ್ಯದ ತಂಡಗಳಲ್ಲಿ 28-30 ವರ್ಷದ ಗಟ್ಟಿ ಆಳುಗಳಿರುತ್ತಾರೆ. ಅವರ ಎದುರು 18ರ ಹುಡುಗ ಚೆಂಡು ಉಳಿಸಿಕೊಳ್ಳಲು ಕಲಿತರೆ ಅದು ಯಾವ ಅಕಾಡೆಮಿಯೂ ಕಲಿಸಲಾಗದ ಪಾಠ. ಭಾರತದ ಜೆರ್ಸಿ ತೊಟ್ಟವನು ಅಲ್ಲಿ ಆಡಬೇಕಾ ಎಂದು ಮೂಗು ಮುರಿಯುವವರಿದ್ದಾರೆ. ಆಡಬೇಕು. ಅಲ್ಲಿ ತಪ್ಪಿಸಿಕೊಂಡವನು ಮುಂದೆ ಎಲ್ಲಾದರೂ ಸಿಕ್ಕಿಬೀಳುತ್ತಾನೆ.

ಬೆಂಗಳೂರಿನಿಂದ ಮೇಲಕ್ಕೆ ಹೋಗುವ ಮೆಟ್ಟಿಲೂ ಇದೆ. ಎಸ್‌ಸಿ ಬೆಂಗಳೂರು 2023-24ರಲ್ಲಿ ಐ-ಲೀಗ್ 2 ಗೆದ್ದು, ಐಎಸ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿದ್ದ ಐ-ಲೀಗ್‌ಗೆ ಬಡ್ತಿ ಪಡೆಯಿತು. ಎಫ್‌ಸಿ ಬೆಂಗಳೂರು ಯುನೈಟೆಡ್, ಕಿಕ್‌ಸ್ಟಾರ್ಟ್, ಹಲಸೂರಿನ ಸೌತ್ ಯುನೈಟೆಡ್ ಹೀಗೆ ಹುಡುಗರನ್ನು ನಂಬಿ ಆಡಿಸುವ ಕ್ಲಬ್ಬುಗಳಿವೆ. ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯನ್ನೂ ಇದೇ ದಾರಿಯಲ್ಲಿ ಎಣಿಸಿ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಲ್ಲಿ ಸೋಲಿಸಿ 54 ವರ್ಷಗಳ ನಂತರ ಕಪ್ ತಂದಿತು. 1968-69ರಲ್ಲಿ ಗೆದ್ದಾಗ ನಮ್ಮ ತಂಡದ ಹೆಸರು ಮೈಸೂರು ಎಂದಿತ್ತು. ಆ ರಿಯಾದ್ ತಂಡಕ್ಕೆ ಹುಡುಗರು ಬಂದದ್ದು ಇದೇ ಬೆಂಗಳೂರಿನ ಲೀಗ್ ಮೈದಾನಗಳಿಂದ.

ಎಡ್ಮಂಡ್ ಲಾಲ್‌ರಿಂಡಿಕಾ ಬೆಂಗಳೂರು ಎಫ್‌ಸಿಯಲ್ಲಿದ್ದ ಹುಡುಗ. ಇಲ್ಲಿ ಅವಕಾಶ ಕಡಿಮೆ ಸಿಕ್ಕಿತು. ಆಗ ಐ-ಲೀಗ್‌ನಲ್ಲಿದ್ದ ಇಂಟರ್ ಕಾಶಿಗೆ ಹೋಗಿ ವಾರ ವಾರ ಆಡಿದರು. 2025ರಲ್ಲಿ ಹಿರಿಯರ ಭಾರತ ತಂಡಕ್ಕೆ ಕರೆ ಬಂದದ್ದು ಐ-ಲೀಗ್ ಆಟಗಾರನಾಗಿದ್ದಾಗಲೇ. ಕೆಳಗೆ ಇಳಿದರೆ ಯಾರೂ ನೋಡುವುದಿಲ್ಲ ಅನ್ನುವವರಿಗೆ ಈ ಹೆಸರು ಹೇಳಿ.

ಈ ದಾರಿಯ ಕಷ್ಟವನ್ನೂ ಹೇಳಬೇಕು. ದುಡ್ಡು ಕಡಿಮೆ. ಸಂಬಳ ತಡವಾಗುವುದುಂಟು. ಗಾಯವಾದರೆ ಸ್ಕ್ಯಾನಿಂಗ್ ಖರ್ಚು ಮನೆಯವರ ತಲೆಗೇ ಬರಬಹುದು. ಸೂಪರ್ ಡಿವಿಷನ್ ವರ್ಷದ ಕೆಲವು ತಿಂಗಳು ಮಾತ್ರ, ಉಳಿದ ತಿಂಗಳು ಹುಡುಗ ಏನು ಮಾಡುತ್ತಾನೆ ಅನ್ನುವುದಕ್ಕೆ ಮೊದಲೇ ಉತ್ತರ ಇರಬೇಕು. ಗಾಯದ ವಿಮೆ ಇಲ್ಲದೆ ಮೊಣಕಾಲನ್ನು ಮೈದಾನಕ್ಕೆ ಇಳಿಸಬೇಡಿ. ಕ್ಲಬ್ ಮಾಡಿಸದಿದ್ದರೆ ನೀವೇ ಮಾಡಿಸಿ.

ವಿದೇಶ

ಎಲ್ಲರ ಕಣ್ಣೂ ಇಲ್ಲಿದೆ, ಮೋಸವೂ ಇಲ್ಲೇ ಜಾಸ್ತಿ. ಹಾಗಾಗಿ ನಿಯಮದಿಂದಲೇ ಶುರು ಮಾಡೋಣ. 18 ತುಂಬದ ಆಟಗಾರನನ್ನು ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ವರ್ಗಾಯಿಸುವಂತಿಲ್ಲ. ಇದು ಫಿಫಾದ ವರ್ಗಾವಣೆ ನಿಯಮಗಳ 19ನೇ ವಿಧಿ. ಅಪ್ಪ ಅಮ್ಮ ಫುಟ್‌ಬಾಲ್‌ಗೆ ಸಂಬಂಧವಿಲ್ಲದ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸಿದ್ದರೆ ವಿನಾಯಿತಿ ಇದೆ. ಯೂರೋಪ್ ಒಕ್ಕೂಟದ ಒಳಗಿನ ಹುಡುಗರಿಗೆ 16ಕ್ಕೇ ಅವಕಾಶ ಇದೆ. ಬೆಂಗಳೂರಿನ ಹುಡುಗನಿಗೆ ಇವೆರಡೂ ಸಾಮಾನ್ಯವಾಗಿ ಹೊಂದುವುದಿಲ್ಲ. ನಿಮ್ಮ 16ರ ಮಗನಿಗೆ ಸ್ಪೇನ್ ಕ್ಲಬ್ಬಿನಲ್ಲಿ ಕಾಂಟ್ರ್ಯಾಕ್ಟ್ ಕೊಡಿಸುತ್ತೇನೆ ಅನ್ನುವವರ ಮಾತನ್ನು ಅಲ್ಲಿಗೇ ನಿಲ್ಲಿಸಬಹುದು.

ಆ ಜನ ಹೆಚ್ಚಾಗಿ ಕೊಡಿಸುವುದು ಫೀಸ್ ಕಟ್ಟಿ ಸೇರುವ ಅಕಾಡೆಮಿ. ಅದು ತಪ್ಪೇನಲ್ಲ, ಭಾಷೆ, ಶಿಸ್ತು ಕಲಿತು ಬರಬಹುದು. ಆದರೆ ಹುಡುಗನನ್ನು ಕ್ಲಬ್ ಆರಿಸಿಕೊಂಡಿದೆ ಎಂದು ನಂಬಿ ಸೈಟ್ ಅಡವಿಟ್ಟು ಲಕ್ಷಗಟ್ಟಲೆ ಕಟ್ಟುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ದುಡ್ಡು ಯಾರಿಂದ ಯಾರಿಗೆ ಹೋಗುತ್ತಿದೆ ಎಂದು ನೋಡಿ. ಕ್ಲಬ್ ನಿಜವಾಗಿ ಬಯಸಿದರೆ ಅದೇ ಖರ್ಚು ಮಾಡುತ್ತದೆ.

ಇಂಗ್ಲೆಂಡ್ ಬಾಗಿಲು ಬಹಳ ಕಿರಿದು. 2009ರಲ್ಲಿ ಲಂಡನ್‌ನ ಕ್ಯೂಪಿಆರ್ ಕ್ಲಬ್ ಸುನಿಲ್ ಛೆಟ್ರಿಯನ್ನು ಕರೆದಾಗ ಭಾರತದ ಫಿಫಾ ರ್‍ಯಾಂಕ್ ಕೆಳಗಿದ್ದ ಕಾರಣ ವರ್ಕ್ ಪರ್ಮಿಟ್ ಸಿಗಲಿಲ್ಲ. ಈಗಿನ ಪಾಯಿಂಟ್ ಲೆಕ್ಕದಲ್ಲೂ ದೇಶದ ರ್‍ಯಾಂಕ್ ತೂಗುತ್ತದೆ. ಛೆಟ್ರಿ 2010ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಗೆ, 2012ರಲ್ಲಿ ಸ್ಪೋರ್ಟಿಂಗ್ ಲಿಸ್ಬನ್‌ನ ಎರಡನೇ ತಂಡಕ್ಕೆ ಹೋದರು. ಎರಡೂ ಕಡೆ ಆಟ ಹೆಚ್ಚು ಸಿಗಲಿಲ್ಲ. 2013ರಲ್ಲಿ ಹೊಸದಾಗಿ ಹುಟ್ಟಿದ ಬೆಂಗಳೂರು ಎಫ್‌ಸಿಗೆ ಬಂದರು, ಮುಂದಿನದು ಈ ಊರಿಗೇ ಗೊತ್ತು. ಗುರ್‌ಪ್ರೀತ್ 2014ರಲ್ಲಿ ನಾರ್ವೆಯ ಸ್ಟಾಬೆಕ್‌ಗೆ ಹೋದಾಗ ಅವರಿಗೆ 22. ಇಲ್ಲಿ ಈಸ್ಟ್ ಬೆಂಗಾಲ್‌ನಲ್ಲಿ ಇದ್ದು, ಹಿರಿಯರ ಭಾರತ ತಂಡಕ್ಕೂ ಆಡಿ ಹೋದವರು. ತಾಳ್ಮೆಯಿಂದ ಕಾದು 2016ರಲ್ಲಿ ಯೂರೋಪಾ ಲೀಗ್‌ನ ಅರ್ಹತಾ ಪಂದ್ಯ ಆಡಿದರು.

ಸಂಜೀವ್ ಸ್ಟಾಲಿನ್ 18 ತುಂಬಿದ ಮೇಲೆ ಪೋರ್ಚುಗಲ್‌ನ ಆವೆಸ್ ಕ್ಲಬ್ಬಿನ 23ರ ಒಳಗಿನವರ ತಂಡ ಸೇರಿದರು. 2020ರಲ್ಲಿ ಆ ಕ್ಲಬ್ಬೇ ಹಣದ ತೊಂದರೆಗೆ ಸಿಕ್ಕಿ ವೃತ್ತಿಪರ ಲೀಗ್‌ನಿಂದ ಹೊರಬಿತ್ತು. ಅವರು ಸೆರ್ತನೆನ್ಸೆ ಎಂಬ ಚಿಕ್ಕ ಕ್ಲಬ್ಬಿಗೆ ಹೋಗಿ, 2021ರಲ್ಲಿ ಕೇರಳ ಬ್ಲಾಸ್ಟರ್ಸ್‌ಗೆ ವಾಪಸ್ ಬಂದು, ಮರುವರ್ಷ ಮುಂಬೈ ಸಿಟಿ ಸೇರಿದರು. ಹೋದದ್ದು ವ್ಯರ್ಥ ಅಂತ ನಾನು ಹೇಳಲಾರೆ. ವಾಪಸ್ ಬಂದಾಗ ಇಲ್ಲಿ ಕ್ಲಬ್ ಸಿಕ್ಕಿತು, ಅದೇ ಮುಖ್ಯ. ನನ್ನ ಸಲಹೆ ಇಷ್ಟು: ಇಲ್ಲಿ ದೊಡ್ಡವರ ಜೊತೆ ಎರಡು ಸೀಸನ್ ಆಡಿ, 20-21ಕ್ಕೆ ಹೋಗಲಿ. ಯೂರೋಪ್‌ನ ಚಿಕ್ಕ ಲೀಗ್ ಆದರೂ ಪರವಾಗಿಲ್ಲ.

ನೌಕರಿ

ಬೆಂಗಳೂರಿನ ಫುಟ್‌ಬಾಲ್ ಇತಿಹಾಸವೇ ನೌಕರಿಯ ಮೇಲೆ ಕಟ್ಟಿದ್ದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಗೋಲು ಹೊಡೆದ ಸಾರಂಗಪಾಣಿ ರಾಮನ್, ಈಸ್ಟ್ ಬೆಂಗಾಲ್‌ನಲ್ಲಿ ಮೆರೆದ ಅಹ್ಮದ್ ಖಾನ್ ಈ ಊರಿನವರು. ಆಮೇಲಿನ ತಲೆಮಾರುಗಳನ್ನು ಸಾಕಿದ್ದು ಐಟಿಐ, ಎಚ್‌ಎಎಲ್, ಎಲ್‌ಆರ್‌ಡಿಇಯಂಥ ಸಂಸ್ಥೆಗಳು. ಬೆಳಿಗ್ಗೆ ಪ್ರ್ಯಾಕ್ಟೀಸ್, ಆಮೇಲೆ ಡ್ಯೂಟಿ, ತಿಂಗಳಿಗೆ ಸರಿಯಾಗಿ ಸಂಬಳ. ಆ ಕಾಲ ಹೆಚ್ಚುಕಡಿಮೆ ಮುಗಿದಿದೆ. ಆದರೆ ರೈಲ್ವೆ, ಅಂಚೆ, ತೆರಿಗೆ ಇಲಾಖೆ, ಸೈನ್ಯ ಇಲ್ಲೆಲ್ಲ ಕ್ರೀಡಾ ಕೋಟಾ ಉಳಿದಿದೆ. ಕೇಂದ್ರ ಸರ್ಕಾರದ ಗ್ರೂಪ್ ಸಿ ನೇರ ನೇಮಕಾತಿಯಲ್ಲಿ ಶೇ 5ರವರೆಗೆ ಕ್ರೀಡಾಪಟುಗಳಿಗೆ ಕೊಡಬಹುದು.

ನೌಕರಿ ಸಿಕ್ಕರೆ ದೊಡ್ಡ ಕ್ಲಬ್ಬಿನ ದಾರಿ ಹೆಚ್ಚುಕಡಿಮೆ ಮುಚ್ಚುತ್ತದೆ. ಬೇರೆ ಕಡೆ ಆಡಲು ಇಲಾಖೆಯ ಒಪ್ಪಿಗೆ ಬೇಕು. ಹಾಗಾಗಿ 18ಕ್ಕೇ ನೌಕರಿಗೆ ಹೋಗುವುದು, ಮನೆಯಲ್ಲಿ ದುಡಿಯುವವರು ಬೇರೆ ಇಲ್ಲ ಅನ್ನುವ ಸ್ಥಿತಿಯಲ್ಲಿ ಮಾತ್ರ ಸರಿ ಅನ್ನಿಸುತ್ತದೆ. ಆ ಸ್ಥಿತಿ ಇದ್ದರೆ ಮುಜುಗರ ಬೇಡ, ಹೋಗಲಿ. ಉಳಿದವರು 22-23ರವರೆಗೆ ಪ್ರಯತ್ನಿಸಬಹುದು. ಒಂದು ಎಚ್ಚರಿಕೆ: ಎಷ್ಟೋ ನೇಮಕಾತಿಗಳಲ್ಲಿ ಇತ್ತೀಚಿನ ಒಂದೆರಡು ವರ್ಷದ ಸಾಧನೆ ಮಾತ್ರ ಲೆಕ್ಕಕ್ಕೆ ಬರುತ್ತದೆ. 17ರಲ್ಲಿ ತೊಟ್ಟ ಭಾರತದ ಜೆರ್ಸಿ 23ಕ್ಕೆ ಕೆಲಸ ಕೊಡಿಸದೇ ಇರಬಹುದು. ನಡುವೆ ಸಂತೋಷ್ ಟ್ರೋಫಿಯನ್ನೋ ವಿಶ್ವವಿದ್ಯಾಲಯಗಳ ಟೂರ್ನಿಯನ್ನೋ ಆಡಿ ಸರ್ಟಿಫಿಕೇಟ್ ಹೊಸದಾಗಿ ಇಟ್ಟುಕೊಳ್ಳಬೇಕು. ಎಲ್ಲ ಸರ್ಟಿಫಿಕೇಟ್‌ಗಳನ್ನೂ ಒಂದು ಫೈಲ್‌ನಲ್ಲಿ ಜೋಪಾನವಾಗಿಡಿ.

ಓದು

ಓದನ್ನು ಫುಟ್‌ಬಾಲ್‌ಗೆ ಎದುರಾಳಿ ಮಾಡಬೇಡಿ. ಕ್ಯಾಂಪ್‌ಗಳಿಂದ ಎಸ್‌ಎಸ್‌ಎಲ್‌ಸಿ ತಪ್ಪಿದವನಿಗೆ ರಾಷ್ಟ್ರೀಯ ಮುಕ್ತ ಶಾಲೆ ಇದೆ, ಪದವಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇದೆ. ಎಂಜಿನಿಯರಿಂಗ್‌ಗೆ ಕೆಇಎ ಮೂಲಕ ಕ್ರೀಡಾ ಕೋಟಾ ಸೀಟು ಸಿಗಬಹುದು. ನಗರದ ಕೆಲವು ಕಾಲೇಜುಗಳು ಆಟಗಾರರಿಗೆ ಫೀಸ್ ಬಿಟ್ಟು ಹಾಜರಾತಿಯಲ್ಲೂ ಸಡಿಲ ಕೊಡುತ್ತವೆ. 2022ರಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆ ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯವೇ ಆತಿಥ್ಯ ವಹಿಸಿತ್ತು. ಕಾಲೇಜು ಮತ್ತು ಸೂಪರ್ ಡಿವಿಷನ್ ಎರಡನ್ನೂ ಒಟ್ಟಿಗೆ ನಡೆಸಬಹುದಾದ ಊರು ಇದು. ಬೇರೆ ಕಡೆ ಇಷ್ಟು ಸುಲಭವಿಲ್ಲ.

ಅಮೆರಿಕದ ಕಾಲೇಜು ಸ್ಕಾಲರ್‌ಶಿಪ್ ಮೇಲೆ ಕಣ್ಣಿದ್ದರೆ ಇಲ್ಲಿ ವೃತ್ತಿಪರ ಕಾಂಟ್ರ್ಯಾಕ್ಟ್‌ಗೆ ಸಹಿ ಹಾಕುವ ಮೊದಲೇ ವಿಚಾರಿಸಿ. ವೃತ್ತಿಪರನಾಗಿ ಆಡಿದವನಿಗೆ ಅಲ್ಲಿ ಅರ್ಹತೆ ಕೈತಪ್ಪಬಹುದು.

ಮಗಳಾದರೆ

ಹುಡುಗಿಯರ ಲೆಕ್ಕ ಬೇರೆ. ದೇಶದೊಳಗೆ ಅವರಿಗೆ ಪಂದ್ಯ ಕಡಿಮೆ, ದುಡ್ಡು ಇನ್ನೂ ಕಡಿಮೆ. ಹಾಗಾಗಿ ಮಗನಿಗೆ 20ರವರೆಗೆ ಕಾಯಿ ಎಂದ ನಾನು, ಮಗಳಿಗೆ 18 ತುಂಬಿದ ಕೂಡಲೇ ಹೊರಗೆ ನೋಡು ಅನ್ನುತ್ತೇನೆ. ಮನೀಷಾ ಕಲ್ಯಾಣ್ 2022ರಲ್ಲಿ ಸೈಪ್ರಸ್‌ನ ಅಪೊಲೋನ್ ಸೇರಿ ಮಹಿಳೆಯರ ಚಾಂಪಿಯನ್ಸ್ ಲೀಗ್ ಆಡಿದರು. ಅಂಥ ಲೀಗ್‌ಗಳಲ್ಲಿ ನಮ್ಮ ಹುಡುಗಿಯರಿಗೆ ಜಾಗ ಇದೆ. ಅಲ್ಲಿಯವರೆಗೆ ಬೆಂಗಳೂರಿನ ಕಿಕ್‌ಸ್ಟಾರ್ಟ್ ಒಳ್ಳೆಯ ಮನೆ. 2023ರಲ್ಲಿ ಇಂಡಿಯನ್ ವಿಮೆನ್ಸ್ ಲೀಗ್ ಫೈನಲ್ ಆಡಿದ ತಂಡ ಅದು. ಹುಡುಗಿಯರ ವಿಷಯದಲ್ಲಿ ನೌಕರಿ, ಓದು ಎರಡಕ್ಕೂ ನಾನು ಹೆಚ್ಚು ತೂಕ ಕೊಡುತ್ತೇನೆ. ಅವರಿಗೆ ಆಟದಿಂದಲೇ ಮನೆ ನಡೆಸುವಷ್ಟು ಸಂಬಳ ಇನ್ನೂ ಈ ದೇಶದಲ್ಲಿ ಬಂದಿಲ್ಲ, ಬರಬೇಕು.

ಸಹಿ ಹಾಕುವ ಮೊದಲು

ಯಾವ ದಾರಿ ಹಿಡಿದರೂ ಕಾಗದದ ಕೆಲಸ ಒಂದೇ. 18ರ ಒಳಗಿನ ಆಟಗಾರನ ಕಾಂಟ್ರ್ಯಾಕ್ಟ್ 3 ವರ್ಷಕ್ಕಿಂತ ಹೆಚ್ಚಿದ್ದರೆ ಫಿಫಾ ಒಪ್ಪುವುದಿಲ್ಲ. ಅದಕ್ಕಿಂತ ಉದ್ದದ ಕಾಗದ ತಂದವರನ್ನು ಪ್ರಶ್ನಿಸಿ. ಮೈನರ್ ಆಟಗಾರನ ಪರ ಏಜೆಂಟ್ ಕೆಲಸ ಮಾಡಬೇಕಾದರೆ ಫಿಫಾ ಲೈಸೆನ್ಸ್ ಇರಬೇಕು, ಪೋಷಕರ ಲಿಖಿತ ಒಪ್ಪಿಗೆಯೂ ಬೇಕು. ಲೈಸೆನ್ಸ್ ನಂಬರ್ ಕೇಳಲು ಸಂಕೋಚ ಬೇಡ. ಎರಡು ತಿಂಗಳ ಸಂಬಳ ಬಾಕಿ ಇಟ್ಟ ಕ್ಲಬ್ಬಿಗೆ ಲಿಖಿತವಾಗಿ 15 ದಿನದ ಗಡುವು ಕೊಟ್ಟು, ಆಗಲೂ ಕೊಡದಿದ್ದರೆ ಆಟಗಾರ ಕಾಂಟ್ರ್ಯಾಕ್ಟ್ ಮುರಿಯಬಹುದು. ಇದು ಗೊತ್ತಿಲ್ಲದೆ ಹುಡುಗರು ವರ್ಷಗಟ್ಟಲೆ ಸುಮ್ಮನಿರುತ್ತಾರೆ. ಲೋನ್ ಮೇಲೆ ಕಳಿಸುವ ಬಗ್ಗೆ ಕಾಗದದಲ್ಲಿ ಏನಿದೆ, ಗಾಯವಾದರೆ ಚಿಕಿತ್ಸೆ ಯಾರದು, ಪರೀಕ್ಷೆಗೆ ರಜೆ ಉಂಟಾ, ಮೂರನ್ನೂ ಬರೆಸಿಕೊಳ್ಳಿ. ಬಾಯಿ ಮಾತು ಕೋಚ್ ಬದಲಾದ ದಿನ ಮುಗಿಯುತ್ತದೆ.

ಇನ್ನೊಂದು ಕೆಲಸವನ್ನು ಇವತ್ತೇ ಮಾಡಬಹುದು. 12ನೇ ವಯಸ್ಸಿನಿಂದ ಹುಡುಗನಿಗೆ ಕಲಿಸಿದ ಕ್ಲಬ್ಬುಗಳಿಗೆ, ಅವನು ಮುಂದೆ ವಿದೇಶದ ಕ್ಲಬ್ಬಿನಲ್ಲಿ ವೃತ್ತಿಪರನಾದರೆ ತರಬೇತಿ ಪರಿಹಾರ ಬರಬೇಕು. ಕ್ಲಬ್ಬಿನಿಂದ ಕ್ಲಬ್ಬಿಗೆ ಹೋಗುವಾಗ ವಿದೇಶದ ಕ್ಲಬ್ ಕೊಡುವ ಹಣದಲ್ಲೂ ಶೇ 5 ಅವನನ್ನು ಬೆಳೆಸಿದವರಿಗೆ ಹಂಚಿಕೆಯಾಗಬೇಕು. ಆದರೆ ಆ ವರ್ಷಗಳಲ್ಲಿ ಅವನ ಹೆಸರು ಫೆಡರೇಷನ್ನಿನ ಸಿಆರ್‌ಎಸ್ (ಆಟಗಾರರ ಕೇಂದ್ರೀಕೃತ ನೋಂದಣಿ ವ್ಯವಸ್ಥೆ) ದಾಖಲೆಯಲ್ಲಿ ಆ ಕ್ಲಬ್ಬಿನ ಅಡಿ ಇದ್ದರೆ ಮಾತ್ರ. ಆಸ್ಟಿನ್ ಟೌನ್ ಮೈದಾನದಲ್ಲಿ ತನ್ನ ಕೈಯಿಂದ ಬೂಟು ಕೊಡಿಸಿ ಕಲಿಸಿದ ಕೋಚ್‌ರ ಚಿಕ್ಕ ಕ್ಲಬ್ ಅಲ್ಲಿ ದಾಖಲಾಗಿದೆಯಾ ಎಂದು ಅವರನ್ನೇ ಕೇಳಿ. ಆಗಿಲ್ಲದಿದ್ದರೆ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಕಚೇರಿ ಅದೇ ಅಶೋಕನಗರದ ಸ್ಟೇಡಿಯಂನಲ್ಲಿದೆ. ಅವರ ಜೊತೆ ನೀವೂ ಹೋಗಿ ವಿಚಾರಿಸಿ.